ದಾಸವಾಳದ ಚಹಾ ಕುಡಿಯೋಣ, ಆದರೆ ಮಾತ್ರೆ ಬಿಡುವುದು ಬೇಡ

ಸ್ನೇಹಿತರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ದಾಸವಾಳದ ಚಹಾದ ಬಗ್ಗೆ ಬರೆಯುತ್ತಿದ್ದೇನೆ. ಹೂವಿನ ಚಹಾ ಅಂದರೆ ಕೆಲವರು ನಗಬಹುದು. ಪೂರ್ತಿ ಓದಿ, ಆಮೇಲೆ ನಗಿ.

ದಾಸವಾಳ ಒಂದು ನೈಸರ್ಗಿಕ ಸೂಚಕ ಎಂದು ನಾವು ವಿಜ್ಞಾನದಲ್ಲಿ ಕಲಿತಿದ್ದೇವೆ. ಅದರ ರಸ ಆಮ್ಲದಲ್ಲಿ ಗಾಢ ಗುಲಾಬಿ ಬಣ್ಣಕ್ಕೂ ಪ್ರತ್ಯಾಮ್ಲದಲ್ಲಿ ಹಸಿರು ಬಣ್ಣಕ್ಕೂ ತಿರುಗುತ್ತದೆ. ತರಗತಿಯಲ್ಲಿ ಆ ಪ್ರಯೋಗ ಮಾಡಿದ ದಿನ ನನಗೆ ಒಂದು ಯೋಚನೆ ಬಂತು. ಈ ಹೂವಿನ ತಂಬುಳಿ ಉಣ್ಣುತ್ತೇವೆ, ಚಹಾ ಯಾಕೆ ಮಾಡಬಾರದು? ಮನೆಗೆ ಹೋದವಳೇ ಅಮ್ಮನನ್ನು ಕೇಳಿ ಮಾಡಿದೆ.

ಮಾಡುವುದು ಸುಲಭ. ಬೇಲಿಯ ಕೆಂಪು ದಾಸವಾಳ ಐದು ಸಾಕು. ಹಸಿರು ತೊಟ್ಟು, ನಡುವಿನ ಕೇಸರದ ಕಡ್ಡಿ ತೆಗೆದು ಎಸಳನ್ನು ಮಾತ್ರ ತೊಳೆದುಕೊಳ್ಳಬೇಕು. ಎರಡು ಲೋಟ ನೀರು ಕುದಿಸಿ, ಕೆಳಗಿಳಿಸಿ, ಎಸಳು ಹಾಕಿ ಐದು ನಿಮಿಷ ಮುಚ್ಚಿಡಬೇಕು. ಎಸಳು ಬಿಳಚಿಕೊಳ್ಳುತ್ತದೆ, ಬಣ್ಣವೆಲ್ಲ ನೀರಿಗೆ ಬರುತ್ತದೆ. ಸೋಸಿ, ಚೂರು ಬೆಲ್ಲ ಹಾಕಿ, ಕೊನೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಒಮ್ಮೆಲೇ ಕೆಂಪಗಾಗುತ್ತದೆ. ನನ್ನ ತಮ್ಮ ಚಪ್ಪಾಳೆ ಹೊಡೆದ.

ಈ ಚಹಾ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪುಡಿ ಬೇಡ, ಹಾಲು ಬೇಡ. ಚಹಾ ಪುಡಿಯಲ್ಲಿರುವ ಕೆಫೀನ್ ಇದರಲ್ಲಿಲ್ಲ. ಆದ್ದರಿಂದ ರಾತ್ರಿ ಕುಡಿದರೂ ನಿದ್ದೆ ಕೆಡಿಸುವುದಿಲ್ಲ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ನಮ್ಮ ಅಜ್ಜಿಗೆ ಬಿ.ಪಿ. ಇದೆ. ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಬೇಕು. ಯಾರದೋ ಮೊಬೈಲಿಗೆ ಒಂದು ವಿಡಿಯೋ ಬಂತು. ದಾಸವಾಳದ ಚಹಾ ಕುಡಿದರೆ ಬಿ.ಪಿ. ಓಡಿಹೋಗುತ್ತದೆ, ಮಾತ್ರೆಯೇ ಬೇಡ ಅಂತ ಅದರಲ್ಲಿತ್ತು. ಅಜ್ಜಿ, "ನಮ್ಮನೆ ಮದ್ದು ನಮ್ಮ ಬೇಲಿಯಲ್ಲೇ ಇದೆಯಲ್ಲೇ" ಅಂದರು. ನನಗೆ ಬಹಳ ಹೆಮ್ಮೆಯಾಯಿತು. ದಿನಾ ಎರಡು ಸಲ ನಾನೇ ಮಾಡಿಕೊಟ್ಟೆ. ಮಾತ್ರೆಯ ಪಟ್ಟಿ ಖಾಲಿಯಾಗದೆ ಹಾಗೇ ಇದ್ದದ್ದನ್ನು ನಾನು ನೋಡಿದ್ದೆ. ಆದರೆ ಅಪ್ಪನಿಗೆ ಹೇಳಲಿಲ್ಲ.

ಹತ್ತೇ ದಿನ. ಬಾವಿಕಟ್ಟೆ ಹತ್ತಿರ ಅಜ್ಜಿ ತಲೆ ತಿರುಗಿ ಕೂತುಬಿಟ್ಟರು. ಆಸ್ಪತ್ರೆಯಲ್ಲಿ ನೋಡಿದರೆ ಮೇಲಿನ ಬಿ.ಪಿ. 180 ಇತ್ತು. ಡಾಕ್ಟರು ಅಜ್ಜಿಗೆ ಬೈಯಲಿಲ್ಲ. "ಚಹಾ ಕುಡೀರಿ ಅಜ್ಜಿ, ಆದರೆ ಮಾತ್ರೆ ನಿಲ್ಲಿಸಬೇಡಿ" ಅಂದರು. ನನ್ನ ಕಡೆ ಯಾರೂ ನೋಡಲಿಲ್ಲ, ಆದರೂ ನನಗೆ ಅಳು ಬಂತು.

ಆಮೇಲೆ ವಿಜ್ಞಾನ ಮೇಷ್ಟ್ರನ್ನು ಕೇಳಿದೆ. ಈಜಿಪ್ಟ್, ಸುಡಾನ್ ದೇಶಗಳಲ್ಲಿ ಕರ್ಕದೆ ಎಂಬ ಕೆಂಪು ಚಹಾ ಕುಡಿಯುತ್ತಾರಂತೆ. ಅದು ನಮ್ಮ ಬೇಲಿಯ ದಾಸವಾಳದ್ದಲ್ಲ. ಅದೇ ಕುಟುಂಬದ ಬೇರೆ ಗಿಡ, ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿಯ ಜಾತಿ. ಅದರಲ್ಲಿ ಬಳಸುವುದು ಎಸಳನ್ನೂ ಅಲ್ಲ, ಹೂ ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ಕೆಂಪು ಪುಷ್ಪಪತ್ರವನ್ನು. ಅದು ಬಿ.ಪಿ.ಯನ್ನು ಸ್ವಲ್ಪ ಇಳಿಸುತ್ತದೆ ಎಂದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಸ್ವಲ್ಪ ಇಳಿಸುವುದು ಬೇರೆ, ಮಾತ್ರೆ ಬಿಡುವುದು ಬೇರೆ. ವಿಡಿಯೋದವರು ಇದನ್ನು ಹೇಳಲೇ ಇಲ್ಲ.

ಇನ್ನೊಂದು ಮಾತು. ನನ್ನ ತಮ್ಮ ಈಗ ಯಾವ ಹೂ ಕಂಡರೂ "ಚಹಾ ಮಾಡೋಣ" ಅನ್ನುತ್ತಾನೆ. ಒಂದು ದಿನ ಕಣಗಿಲೆ ಹೂ ಹಿಡಿದು ಬಂದಿದ್ದ! ಕಣಗಿಲೆ ಪೂರ್ತಿ ವಿಷ, ಹೃದಯಕ್ಕೇ ಅಪಾಯ. ದತ್ತೂರಿಯೂ ವಿಷ. ದೇವರಿಗೆ ಏರಿಸುವ ಹೂವೆಲ್ಲ ಕುಡಿಯುವ ಹೂವಲ್ಲ. ಪೇಟೆಯಿಂದ ತಂದ ಹೂವಿಗೆ ಔಷಧಿ ಹೊಡೆದಿರಬಹುದು, ಅದೂ ಬೇಡ. ಬಸುರಿಯರು ಡಾಕ್ಟರನ್ನು ಕೇಳದೆ ದಾಸವಾಳದ ಚಹಾ ಕುಡಿಯಬಾರದು ಎಂದು ನರ್ಸಕ್ಕ ಹೇಳಿದರು.

ಹಾಗಾಗಿ ಸ್ನೇಹಿತರೇ, ದಾಸವಾಳದ ಚಹಾವನ್ನು ರುಚಿಗೆ ಕುಡಿಯೋಣ, ಬಣ್ಣ ನೋಡಿ ಖುಷಿ ಪಡೋಣ. ಮದ್ದು ಅಂತ ನಂಬಿ ಮಾತ್ರೆ ಬಿಡುವುದು ಬೇಡ. ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಇವತ್ತು ಸಂಜೆ ಅವರ ಮಾತ್ರೆಯ ಪಟ್ಟಿ ನೋಡಿ. ಖಾಲಿಯಾಗಬೇಕಾದದ್ದು ಖಾಲಿಯಾಗದಿದ್ದರೆ ನನ್ನ ಹಾಗೆ ಸುಮ್ಮನಿರಬೇಡಿ, ಮನೆಯಲ್ಲಿ ಹೇಳಿ.

ಈಗ ನಮ್ಮ ಅಜ್ಜಿ ಬೆಳಿಗ್ಗೆ ಮಾತ್ರೆ ನುಂಗುತ್ತಾರೆ, ಸಂಜೆ ನನ್ನ ಚಹಾ ಕುಡಿಯುತ್ತಾರೆ. ನಿಂಬೆರಸ ಹಿಂಡುವ ಕೆಲಸ ತಮ್ಮನದು.

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

- 7ನೇ ತರಗತಿ ವಿದ್ಯಾರ್ಥಿನಿ