ಕಾಡಿನ ಲೆಕ್ಕ

ಬೆಳೆಯುವಷ್ಟನ್ನೇ ಕಡಿಯಬೇಕು ಎಂಬುದು ಅರಣ್ಯಶಾಸ್ತ್ರದ ಮೊದಲ ಪಾಠ. ಮರ ಕಡಿಯುವುದೇ ಪಾಪವೆಂದು ಆ ಶಾಸ್ತ್ರ ಹೇಳುವುದಿಲ್ಲ. ಮನೆಗೆ ತೊಲೆ ಬೇಕು, ಶಾಲೆಗೆ ಮೇಜು ಬೇಕು, ಪುಸ್ತಕಕ್ಕೆ ಕಾಗದ ಬೇಕು. ಆದರೆ ಬಡ್ಡಿಯನ್ನು ಉಂಡು ಅಸಲನ್ನು ಉಳಿಸುವ ಗೃಹಸ್ಥನಂತೆ ಮನುಷ್ಯನು ಕಾಡಿನೊಡನೆ ನಡೆದುಕೊಳ್ಳಬೇಕು. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳ ಅಧಿಕಾರಿಯಾಗಿದ್ದ ಕಾರ್ಲೋವಿಟ್ಸ್ ಎಂಬಾತನು 1713ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ಪ್ರತಿಪಾದಿಸಿದನು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಬ್ರಾಂಡಿಸನೂ ಜರ್ಮನಿಯವನೇ. ಅರಣ್ಯವಿದ್ಯೆಯಲ್ಲಿ ಆ ದೇಶ ಭಾರತಕ್ಕೆ ಗುರುಸ್ಥಾನದಲ್ಲಿತ್ತು.

ಆ ಗುರುವಿನ ಮನೆಗೇ ಈಗ ಸಂಕಟ ಬಂದಿದೆ. ಬೇಗನೆ ಬೆಳೆದು ನೆಟ್ಟನೆಯ ದಿಮ್ಮಿಗಳನ್ನು ಕೊಡುವ ಸ್ಪ್ರೂಸ್ ಮರವನ್ನು ಅಲ್ಲಿ ಬೇರೆ ಮರಗಳ ಬೆರಕೆಯಿಲ್ಲದೆ ವಿಸ್ತಾರವಾಗಿ ನೆಟ್ಟರು. ಅದು ಮೂಲತಃ ತಂಪು ಪರ್ವತಗಳ ಮರ. ಅದರ ಬೇರು ಆಳಕ್ಕೆ ಇಳಿಯುವುದಿಲ್ಲ. ಹವಾಮಾನ ಮೊದಲಿನಂತಿದ್ದಷ್ಟು ಕಾಲ ಲೆಕ್ಕ ಸರಿಯಾಗಿಯೇ ಇತ್ತು. 2018ರಿಂದ 2020ರವರೆಗೆ ಬಿಸಿಲೂ ಬರವೂ ಒಟ್ಟಾಗಿ ಬಂದಾಗ ಅದು ತಲೆಕೆಳಗಾಯಿತು. ತೊಗಟೆಯನ್ನು ಕೊರೆಯುವ ಚಿಕ್ಕ ದುಂಬಿಯೊಂದು ಈ ಮರದ ಹಳೆಯ ವೈರಿ. ಆರೋಗ್ಯವಂತ ಮರ ರಾಳವನ್ನು ಸುರಿಸಿ ಅದನ್ನು ತಡೆಯುತ್ತದೆ. ನೀರಿಲ್ಲದೆ ಬಳಲಿದ ಮರಕ್ಕೆ ಆ ಶಕ್ತಿ ಎಲ್ಲಿಯದು? ಬಿಸಿಲು ಹೆಚ್ಚಿದಂತೆ ದುಂಬಿಯ ಸಂತಾನವೂ ಹೆಚ್ಚಿತು. ಹಾರ್ಟ್ಸ್ ಪರ್ವತದ ಹಸುರು ಇಳಿಜಾರುಗಳು ಒಣಗಿ ನಿಂತವು. 2021ರ ವಸಂತದ ವೇಳೆಗೆ ಆ ದೇಶದಲ್ಲಿ ಸುಮಾರು 5 ಲಕ್ಷ ಹೆಕ್ಟೇರ್ ಪ್ರದೇಶದ ಮರಗಳು ನಾಶವಾಗಿದ್ದವು. ಸತ್ತ ಮರಗಳು ಒಮ್ಮೆಲೇ ಮಾರುಕಟ್ಟೆಗೆ ಬಂದುದರಿಂದ ಬೆಲೆಯೂ ಕುಸಿಯಿತು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಇಂಥ ವರ್ಷಗಳು ಇನ್ನೂ ಬರಲಿವೆ.

ಆದುದರಿಂದ ಎಷ್ಟು ಕಡಿಯಬೇಕು ಎಂಬ ಪ್ರಶ್ನೆಯೊಂದೇ ಈಗ ಸಾಲದು. ಯಾವಾಗ ಕಡಿಯಬೇಕು, ಏನನ್ನು ನೆಡಬೇಕು ಎಂಬುದನ್ನೂ ಹೊಸದಾಗಿ ಯೋಚಿಸಬೇಕು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಭಾರವಾದ ಯಂತ್ರಗಳನ್ನು ಕಾಡಿಗೆ ಇಳಿಸುವುದು ಶೀತದೇಶಗಳ ರೂಢಿ. ಚಳಿ ಕಡಿಮೆಯಾದರೆ ಒದ್ದೆ ಮಣ್ಣು ಯಂತ್ರದ ಭಾರಕ್ಕೆ ಅದುಮಿಹೋಗಿ ಬೇರುಗಳಿಗೆ ಗಾಳಿ ಸಿಗದಂತಾಗುತ್ತದೆ. ಅಲ್ಲಿ ಕಡಿಯುವ ಕಾಲವನ್ನು ನಿರ್ಧರಿಸಬೇಕಾದುದು ತಿಂಗಳನ್ನು ನೋಡಿ ಅಲ್ಲ, ನೆಲವನ್ನು ನೋಡಿ.

ಒಂದೇ ಜಾತಿಯ ತೋಪನ್ನು ಬೆಳೆಸುವುದೂ ಕಡಿಯುವುದೂ ಸುಲಭವೆಂದು ವಾದಿಸುವವರಿದ್ದಾರೆ. ಮಿಶ್ರವನಕ್ಕೆ ಹೆಚ್ಚು ಶ್ರಮ ಬೇಕೆಂಬುದು ನಿಜ. ಆದರೆ ಒಂದು ಕೀಟಕ್ಕೆ ಇಡೀ ಕಾಡು ಬಲಿಯಾಗುವುದಾದರೆ ಆ ಸೌಲಭ್ಯದಿಂದ ಬಂದ ಲಾಭವೇನು? ಜರ್ಮನಿಯ ಅರಣ್ಯಾಧಿಕಾರಿಗಳು ಈಗ ಬೀಚ್, ಓಕ್ ಮೊದಲಾದ ಮರಗಳನ್ನು ಬೆರೆಸಿ ಬೆಳೆಸುತ್ತಿದ್ದಾರೆ.

ಈ ಎಚ್ಚರ ಕರ್ನಾಟಕಕ್ಕೂ ಬೇಕು. ಆಸ್ಟ್ರೇಲಿಯದ ಕಡೆಯಿಂದ ಬಂದ ನೀಲಗಿರಿ ಬಯಲುಸೀಮೆಯಲ್ಲಿ, ಅಕೇಶಿಯ ಮಲೆನಾಡಿನಲ್ಲಿ ಏಕಜಾತಿಯ ತೋಪುಗಳಾಗಿ ಹಬ್ಬಿದವು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಿಷೇಧವೊಂದೇ ಸಾಲದು, ಹೊನ್ನೆ, ಮತ್ತಿ, ನಂದಿ, ನೇರಳೆಗಳಂಥ ನೆಲದ ಮರಗಳು ತಮ್ಮ ತಮ್ಮ ಜಾಗದಲ್ಲಿ ಒಟ್ಟಾಗಿ ಬೆಳೆಯಬೇಕು.

ಮರ ನೆಟ್ಟವನೇ ಅದನ್ನು ಕಡಿಯುವುದು ಅಪರೂಪ. ಇಂದು ನೆಟ್ಟ ತೇಗದ ಸಸಿ ಬಲಿತು ತೊಲೆಯಾಗುವ ವೇಳೆಗೆ ಇಂದಿನ ವಿದ್ಯಾರ್ಥಿಗಳು ಮುದುಕರಾಗಿರುತ್ತಾರೆ. ಅಂದಿನ ಬಿಸಿಲನ್ನು ತಾಳಬಲ್ಲ ಕಾಡನ್ನು ಇಂದೇ ನೆಡಬೇಕು.