ದೊಡ್ಡದಾಗುವ ಚಂದ್ರ, ಚಿಕ್ಕದಾಗುವ ಕನ್ನಡ

ವರ್ಷಕ್ಕೆ ಮೂರು ನಾಲ್ಕು ಬಾರಿ ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ, ಮೊಬೈಲಿನ ಪರದೆಯಲ್ಲಿ ಒಂದೇ ಸುದ್ದಿ ಕಾಣಿಸಿಕೊಳ್ಳುತ್ತದೆ: ಇಂದು ರಾತ್ರಿ ‘ಸೂಪರ್ ಮೂನ್’. ಅಂದು ಸಂಜೆ ಕಾಸರಗೋಡಿನ ಮನೆಗಳ ಅಂಗಳದಲ್ಲಿ ಜನರು ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತಾರೆ. ಅಡಕೆ ತೋಟದ ಆಚೆ, ಗುಡ್ಡದ ಅಂಚಿನಲ್ಲಿ, ಕೆಂಪು ಛಾಯೆಯ ಚಂದ್ರ ಹರಿವಾಣದಷ್ಟು ದೊಡ್ಡದಾಗಿ ಮೇಲೇಳುತ್ತಾನೆ. ನೋಡಿದವರು ಸುದ್ದಿ ನಿಜವೆಂದು ತೃಪ್ತರಾಗಿ ಒಳಗೆ ಹೋಗುತ್ತಾರೆ. ನಡುರಾತ್ರಿಯ ವೇಳೆಗೆ ಅದೇ ಚಂದ್ರ ನೆತ್ತಿಯ ಮೇಲೆ ಎಂದಿನಂತೆ ಸಣ್ಣ ಬಿಲ್ಲೆಯಾಗಿ ನಿಂತಿರುವುದನ್ನು ಗಮನಿಸುವವರು ಕಡಿಮೆ. ಸಂಜೆಯ ಆ ದೊಡ್ಡತನ ಎಲ್ಲಿಗೆ ಹೋಯಿತು ಎಂದು ಕೇಳುವವರು ಇನ್ನೂ ಕಡಿಮೆ.

ಆ ಪ್ರಶ್ನೆಗೆ ಉತ್ತರವಿದೆ. ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವ ವಿದ್ಯಾರ್ಥಿಗಳಿಗೆ ಅದನ್ನು ಕನ್ನಡದಲ್ಲಿ, ತಪ್ಪಿಲ್ಲದೆ, ಅಂಕಿಸಂಖ್ಯೆಗಳೊಡನೆ ಹೇಳಲು ಬರಬೇಕು. ಹೇಳಲು ಬಾರದಿದ್ದರೆ ಖಗೋಳಶಾಸ್ತ್ರಕ್ಕೆ ಏನೂ ಕೊರತೆಯಾಗದು, ಕನ್ನಡಕ್ಕೆ ಆಗುತ್ತದೆ. ಗಡಿಯಾಚೆಯ ಕನ್ನಡದ ಅಳಿವು ಉಳಿವುಗಳ ಚರ್ಚೆ ಸಾಮಾನ್ಯವಾಗಿ ನಾಮಫಲಕ, ಅರ್ಜಿ ನಮೂನೆ, ಶಿಕ್ಷಕರ ನೇಮಕಗಳ ಸುತ್ತ ನಡೆಯುತ್ತದೆ. ಅವೆಲ್ಲವೂ ಮುಖ್ಯ. ಆದರೆ ಒಂದು ಭಾಷೆ ಯಾವ ಯಾವ ವಿಷಯಗಳನ್ನು ಮಾತನಾಡುವುದನ್ನು ತಾನಾಗಿಯೇ ಬಿಟ್ಟುಕೊಡುತ್ತಿದೆ ಎಂಬುದೂ ಅಷ್ಟೇ ಮುಖ್ಯ.

ಮೊದಲು ಉತ್ತರವನ್ನೇ ನೋಡಬೇಕು. ‘ದೊಡ್ಡ ಹುಣ್ಣಿಮೆ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ.

ಒಂದನೆಯದು ದೂರದ ಸಂಗತಿ. ಚಂದ್ರ ಭೂಮಿಯನ್ನು ಸುತ್ತುವ ಕಕ್ಷೆ ಪೂರ್ಣ ವೃತ್ತವಲ್ಲ, ಅದು ದೀರ್ಘವೃತ್ತ. ಸರಾಸರಿ ದೂರ ಸುಮಾರು 3,84,400 ಕಿಲೋಮೀಟರ್. ಅತಿ ಹತ್ತಿರ ಬಂದಾಗ ಅದು 3,56,500 ಕಿಲೋಮೀಟರಿನವರೆಗೆ ಇಳಿಯಬಲ್ಲದು, ಅತಿ ದೂರ ಹೋದಾಗ 4,06,000ಕ್ಕೂ ಮೀರಬಲ್ಲದು. ಹತ್ತಿರದ ಬಿಂದುವಿನಿಂದ ಹೊರಟು ಮತ್ತೆ ಹತ್ತಿರದ ಬಿಂದುವಿಗೆ ಬರಲು ಚಂದ್ರನಿಗೆ ಸರಾಸರಿ 27.55 ದಿನ ಬೇಕು. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಈ ಎರಡು ಎಣಿಕೆಗಳು ಹೊಂದದಿರುವುದರಿಂದ ಪ್ರತಿ ಹುಣ್ಣಿಮೆಯೂ ಬೇರೆ ಬೇರೆ ದೂರದಲ್ಲಿ ನಡೆಯುತ್ತದೆ. ಹದಿನಾಲ್ಕು ಹುಣ್ಣಿಮೆಗಳ ಅವಧಿಯೂ ಹತ್ತಿರದ ಬಿಂದುವಿಗೆ ಹದಿನೈದು ಬಾರಿ ಮರಳುವ ಅವಧಿಯೂ ಹೆಚ್ಚುಕಡಿಮೆ ಒಂದೇ, ಸುಮಾರು 413 ದಿನ. ಆದ್ದರಿಂದ ಅತಿ ಸಮೀಪದ ಹುಣ್ಣಿಮೆ ಸುಮಾರು ಹದಿಮೂರೂವರೆ ತಿಂಗಳಿಗೊಮ್ಮೆ ಮರಳುತ್ತದೆ. ಅದರ ಹಿಂದಿನ ಮುಂದಿನ ಹುಣ್ಣಿಮೆಗಳೂ ಸ್ವಲ್ಪ ದೊಡ್ಡವಾಗಿಯೇ ಇರುತ್ತವೆ.

ಈ ಹೆಚ್ಚಳ ಎಷ್ಟು? ಅತಿ ದೂರದ ಹುಣ್ಣಿಮೆಯ ಬಿಂಬದ ಅಗಲ ಏಳು ಅಂಗುಲವೆಂದು ಇಟ್ಟುಕೊಂಡರೆ ಅತಿ ಸಮೀಪದ ಹುಣ್ಣಿಮೆಯದು ಎಂಟು ಅಂಗುಲ. ಅಗಲದಲ್ಲಿ ಶೇಕಡಾ 14ರಷ್ಟು, ಬೆಳಕಿನಲ್ಲಿ ಸುಮಾರು ಶೇಕಡಾ 30ರಷ್ಟು ವ್ಯತ್ಯಾಸ. ಸುದ್ದಿಗಳು ಹೇಳುವುದು ಈ ಅಂಕಿಗಳನ್ನೇ. ಆದರೆ ಹೋಲಿಕೆ ಅತಿ ಚಿಕ್ಕ ಹುಣ್ಣಿಮೆಯೊಡನೆ ಎಂಬುದನ್ನು ಬಹಳ ಸಲ ಹೇಳುವುದಿಲ್ಲ. ಸಾಧಾರಣ ಹುಣ್ಣಿಮೆಗೆ ಹೋಲಿಸಿದರೆ ಅಗಲ ಹೆಚ್ಚುವುದು ಶೇಕಡಾ ಏಳರಷ್ಟು ಮಾತ್ರ. ಪಕ್ಕದಲ್ಲಿ ಇನ್ನೊಂದು ಚಂದ್ರನನ್ನು ಇಟ್ಟು ನೋಡಲು ಸಾಧ್ಯವಿಲ್ಲದ ಬರಿಗಣ್ಣಿಗೆ ಇದು ತಿಳಿಯುವುದು ಕಷ್ಟ. 2016ರ ನವೆಂಬರ್ 14ರ ಕಾರ್ತಿಕ ಹುಣ್ಣಿಮೆಯಂದು ಚಂದ್ರ 1948ರ ಜನವರಿಯ ನಂತರದ ಯಾವ ಹುಣ್ಣಿಮೆಯಲ್ಲೂ ಬಾರದಷ್ಟು ಸಮೀಪ ಬಂದಿದ್ದ. ಅದಕ್ಕಿಂತ ಸಮೀಪದ ಹುಣ್ಣಿಮೆ 2034ರ ನವೆಂಬರ್ 25ರಂದು ಬರಲಿದೆ. ಆದರೆ 2016ರ ಆ ರಾತ್ರಿಯೂ ನೆತ್ತಿಯ ಮೇಲಿನ ಬಿಂಬವನ್ನು ಚಾಚಿದ ಕೈಯ ಕಿರುಬೆರಳು ಪೂರ್ತಿಯಾಗಿ ಮರೆಮಾಡುತ್ತಿತ್ತು.

ಎರಡನೆಯದು ಕಣ್ಣಿನ ಸಂಗತಿ. ಸಂಜೆ ಹರಿವಾಣದಂತೆ ಕಂಡ ಚಂದ್ರನ ದೊಡ್ಡತನಕ್ಕೂ ದೀರ್ಘವೃತ್ತಕ್ಕೂ ಸಂಬಂಧವಿಲ್ಲ. ಪ್ರತಿ ಹುಣ್ಣಿಮೆಯೂ, ಅತಿ ದೂರದ ಹುಣ್ಣಿಮೆಯೂ, ದಿಗಂತದಲ್ಲಿ ದೊಡ್ಡದಾಗಿಯೇ ಕಾಣುತ್ತದೆ. ಮೂಡುವ ಚಂದ್ರ ನೋಡುಗನಿಂದ ನೆತ್ತಿಯ ಚಂದ್ರನಿಗಿಂತ ಭೂಮಿಯ ತ್ರಿಜ್ಯದಷ್ಟು, ಅಂದರೆ ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿರುತ್ತಾನೆ. ಲೆಕ್ಕದ ಪ್ರಕಾರ ಅವನು ಶೇಕಡಾ ಒಂದೂವರೆಯಷ್ಟು ಚಿಕ್ಕದಾಗಿ ಕಾಣಬೇಕು. ಛಾಯಾಚಿತ್ರದಲ್ಲಿ ಅಳೆದರೆ ದಿಗಂತದ ಬಿಂಬ ದೊಡ್ಡದಾಗಿರುವುದೇ ಇಲ್ಲ. ಕಾಗದವನ್ನು ಕೊಳವೆಯಾಗಿ ಸುತ್ತಿ ಅದರೊಳಗಿಂದ ಮೂಡುವ ಚಂದ್ರನನ್ನು ನೋಡಿದರೆ ಆ ದೊಡ್ಡತನ ಬಹುಮಟ್ಟಿಗೆ ಕರಗಿಹೋಗುತ್ತದೆ.

ಗ್ರೀಸಿನ ಅರಿಸ್ಟಾಟಲ್ ಇದಕ್ಕೆ ವಾತಾವರಣವನ್ನು ಕಾರಣವೆಂದು ಭಾವಿಸಿದ್ದ. ಹನ್ನೊಂದನೆಯ ಶತಮಾನದ ಅರಬ್ ವಿದ್ವಾಂಸ ಇಬ್ನ್ ಅಲ್ ಹೈಥಮ್ ಕಾರಣವನ್ನು ಮನಸ್ಸಿನಲ್ಲಿ ಹುಡುಕಿದ. ಮನಸ್ಸಿಗೆ ಆಕಾಶ ಅರ್ಧಗೋಲದಂತಲ್ಲ, ಕವುಚಿಟ್ಟ ತಟ್ಟೆಯಂತೆ ತೋರುತ್ತದೆ. ನೆತ್ತಿ ಹತ್ತಿರ, ದಿಗಂತ ದೂರ. ಕಣ್ಣಿನೊಳಗೆ ಮೂಡುವ ಬಿಂಬ ಒಂದೇ ಅಳತೆಯದಾದರೂ ದೂರದ್ದೆಂದು ಭಾವಿಸಿದ್ದನ್ನು ಮನಸ್ಸು ದೊಡ್ಡದೆಂದು ತೀರ್ಮಾನಿಸುತ್ತದೆ. ನಡುವೆ ಇರುವ ಮರ, ಮನೆ, ಗುಡ್ಡಗಳು ಆ ಭಾವನೆಗೆ ಬಲಕೊಡುತ್ತವೆ. ಈ ವಿವರಣೆಯೂ ಪೂರ್ಣವಲ್ಲ. ಬೇಕಲದ ಕಡಲತೀರದಲ್ಲಿ ಮುಂಜಾನೆ ಮುಳುಗುವ ಚಂದ್ರನ ಮುಂದೆ ಮರವೂ ಇಲ್ಲ, ಮನೆಯೂ ಇಲ್ಲ. ಆದರೂ ಅವನು ದೊಡ್ಡವನೇ. ದಿಗಂತದ ಚಂದ್ರ ದೂರವಿದ್ದಂತೆ ಕಾಣುತ್ತಾನೆಯೇ ಎಂದು ಕೇಳಿದರೆ ಅನೇಕರು ಹತ್ತಿರವಿದ್ದಂತೆ ಕಾಣುತ್ತಾನೆ ಎನ್ನುತ್ತಾರೆ. ಈ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಮೂರನೆಯದು ಬೆಳಕಿನ ಸಂಗತಿ. ಅರ್ಧಚಂದ್ರನಿಗಿಂತ ಪೂರ್ಣಚಂದ್ರನ ಬೆಳಗುವ ಭಾಗ ಎರಡು ಪಟ್ಟು. ಬೆಳಕು ಮಾತ್ರ ಸುಮಾರು ಹತ್ತು ಪಟ್ಟು. ಹುಣ್ಣಿಮೆಯಂದು ಸೂರ್ಯನ ಬೆಳಕು ಭೂಮಿಯ ಕಡೆಯಿಂದಲೇ ನೇರವಾಗಿ ಚಂದ್ರನ ಮೇಲೆ ಬೀಳುವುದರಿಂದ ಅಲ್ಲಿನ ಬೆಟ್ಟಗಳ, ಕಲ್ಲುಗಳ, ಧೂಳಿನ ಕಣಗಳ ನೆರಳುಗಳು ಅವುಗಳ ಹಿಂದೆಯೇ ಅಡಗಿಬಿಡುತ್ತವೆ. ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೆ ಸಮೀಪವಿರುವುದರಿಂದ ಆ ಕಾಲದ ಹುಣ್ಣಿಮೆಗೆ ಜುಲೈ ತಿಂಗಳಿಗಿಂತ ಶೇಕಡಾ ಏಳರಷ್ಟು ಹೆಚ್ಚು ಬಿಸಿಲು ದೊರೆಯುತ್ತದೆ. ಮಳೆಗಾಲ ಕಳೆದ ಮೇಲೆ ಆಕಾಶ ತೊಳೆದಂತಿರುತ್ತದೆ, ಚಳಿಗಾಲದ ಹುಣ್ಣಿಮೆ ನೆತ್ತಿಯ ಸಮೀಪಕ್ಕೆ ಏರುತ್ತದೆ. ಬೆಳದಿಂಗಳು ಹೆಚ್ಚಲು ಇವೆಲ್ಲವೂ ಕಾರಣ. ದಿಗಂತದ ಚಂದ್ರನ ಬೆಳಕಾದರೋ ದಟ್ಟ ಗಾಳಿಯ ಪದರಗಳನ್ನು ಹಾದು ಬಂದು ಕೆಂಪಾಗಿ ಮಂಕಾಗಿರುತ್ತದೆ. ಹೀಗೆ ಅತಿ ದೊಡ್ಡದಾಗಿ ಕಾಣುವ ಗಳಿಗೆಯೂ ಅತಿ ಹೆಚ್ಚು ಬೆಳಗುವ ಗಳಿಗೆಯೂ ಒಂದೇ ಅಲ್ಲ.

ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ ಹೆಸರು ‘ಸೂಪರ್ ಮೂನ್’. ಈ ಹೆಸರು ಖಗೋಳಶಾಸ್ತ್ರದಿಂದ ಬಂದುದಲ್ಲ. 1979ರಲ್ಲಿ ರಿಚರ್ಡ್ ನೋಲ್ ಎಂಬ ಅಮೆರಿಕದ ಜ್ಯೋತಿಷಿ ಇದನ್ನು ಬಳಕೆಗೆ ತಂದ. ಅವನ ವ್ಯಾಖ್ಯೆಯಂತೆ ಸಮೀಪದ ಅಮಾವಾಸ್ಯೆಯೂ ‘ಸೂಪರ್’ ಆಗಬಲ್ಲದು. ಅಂದು ಚಂದ್ರ ಕಾಣುವುದೇ ಇಲ್ಲ. ಇಂತಹ ಹೆಸರಿನ ಬೆನ್ನಿಗೆ ಭಯವೂ ಬರುತ್ತದೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾದಾಗ, ಅದೇ ತಿಂಗಳ 19ರ ಸಮೀಪದ ಹುಣ್ಣಿಮೆಯೇ ಅದಕ್ಕೆ ಕಾರಣವೆಂಬ ಮಾತು ಜಗತ್ತೆಲ್ಲ ಹರಡಿತು. ಆದರೆ ಸರಳ ಎಣಿಕೆ ಮಾಡಿದರೂ ಸಾಕು, ಭೂಕಂಪದ ದಿನ ಹುಣ್ಣಿಮೆಗೆ ಇನ್ನೂ ಎಂಟು ದಿನಗಳಿದ್ದವು.

ಇಲ್ಲಿ ಆಕ್ಷೇಪ ಇಂಗ್ಲಿಷ್ ಪದದ ಮೇಲಲ್ಲ. ಬಸ್ಸು, ರೇಡಿಯೋ, ಆಸ್ಪತ್ರೆಗಳನ್ನು ಅರಗಿಸಿಕೊಂಡ ಭಾಷೆಗೆ ಇನ್ನೊಂದು ಪದ ಹೊರೆಯಾಗದು. ಆದರೆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸಿಬಿಡುವ ಪದ ಯಾವ ಭಾಷೆಯದಾದರೂ ಹಾನಿಕರ. ‘ಏಕೆ ದೊಡ್ಡದು?’ ಎಂಬ ಪ್ರಶ್ನೆಗೆ ‘ಸೂಪರ್ ಮೂನ್ ಆದ್ದರಿಂದ’ ಎಂಬ ಮಾತು ಉತ್ತರವಾಗಿ ಚಲಾವಣೆಯಲ್ಲಿದೆ. ‘ಸಮೀಪದ ಹುಣ್ಣಿಮೆ’ ಎಂದರೆ ಕಾರಣ ಹೆಸರಿನಲ್ಲಿಯೇ ಇರುತ್ತದೆ. ‘ದಿಗಂತದ ಭ್ರಮೆ’ ಎಂದರೆ ಎರಡನೆಯ ಸಂಗತಿ ಮೊದಲನೆಯದರಿಂದ ಬೇರೆಯಾಗಿ ನಿಲ್ಲುತ್ತದೆ.

ಕನ್ನಡಕ್ಕೆ ಈ ಲೆಕ್ಕ ಹೊಸತೂ ಅಲ್ಲ. ‘ತಿಂಗಳ್’ ಎಂಬ ಒಂದೇ ಪದ ಹಳಗನ್ನಡದಲ್ಲಿ ಚಂದ್ರನೂ ಹೌದು, ಮಾಸವೂ ಹೌದು. ಬೆಳದಿಂಗಳಿನಲ್ಲಿ ಆ ಚಂದ್ರ ಇಂದಿಗೂ ಉಳಿದಿದ್ದಾನೆ. ನೆರೆಯ ಮಲಯಾಳಕ್ಕೂ ತಮಿಳಿಗೂ ಇದೇ ಪದ ಸಮಾನ ಆಸ್ತಿ. ಪಂಚಾಂಗದಲ್ಲಿ ಒಂದು ತಿಥಿ ಹತ್ತೊಂಬತ್ತು ಗಂಟೆಗಳಷ್ಟು ಕಿರಿದೂ ಇಪ್ಪತ್ತಾರು ಗಂಟೆಗಳಷ್ಟು ಹಿರಿದೂ ಆಗುವುದು ಮುಖ್ಯವಾಗಿ ಚಂದ್ರ ಹತ್ತಿರವಿದ್ದಾಗ ಬೇಗವಾಗಿಯೂ ದೂರವಿದ್ದಾಗ ನಿಧಾನವಾಗಿಯೂ ಚಲಿಸುವುದರಿಂದಲೇ. ತಿಥಿಕ್ಷಯ, ತಿಥಿವೃದ್ಧಿ ಎಂದು ಮನೆಯ ಹಿರಿಯರು ಹೇಳುವ ಮಾತಿನ ಹಿಂದೆ ಇದೇ ಕಕ್ಷೆಯ ಓಟವಿದೆ. ಪ್ರಾಚೀನ ಸಿದ್ಧಾಂತ ಗ್ರಂಥಗಳು ದೂರದ ಬಿಂದುವನ್ನು ‘ಮಂದೋಚ್ಚ’ ಎಂದು ಕರೆದವು. ಗ್ರಹಣವನ್ನು ಗಣಿಸಲು ಅವು ಆ ದಿನದ ಚಂದ್ರಬಿಂಬದ ಅಳತೆಯನ್ನು ಲೆಕ್ಕಹಾಕಬೇಕಾಗಿತ್ತು. ಶಾಸನಗಳಲ್ಲಿ ಶಕವರ್ಷ, ಮಾಸ, ತಿಥಿ, ವಾರ, ಗ್ರಹಣಗಳನ್ನು ಓದುವ ವಿದ್ಯಾರ್ಥಿ ಈ ಗಣಿತದ ಹೊಸ್ತಿಲಲ್ಲಿಯೇ ನಿಂತಿರುತ್ತಾನೆ.

ಇದಕ್ಕೆ ಕಣ್ಣೆದುರಿನ ಸಾಕ್ಷಿಯೂ ಈ ನೆಲದಲ್ಲಿಯೇ ದೊರೆಯಿತು. 2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಸೂರ್ಯಗ್ರಹಣದ ಪಥ ಕಾಸರಗೋಡು ಜಿಲ್ಲೆಯ ಚೆರುವತ್ತೂರು, ವಯನಾಡು, ನೀಲಗಿರಿಗಳನ್ನು ಹಾದುಹೋಯಿತು. ಗಡಿಯಾಚೆಯ ಮೂರು ಕನ್ನಡ ನೆಲೆಗಳು ಒಂದೇ ಉಂಗುರದ ಕೆಳಗೆ ಬಂದ ಬೆಳಗು ಅದು. ಉಂಗುರ ಉಂಟಾದುದೇಕೆ? ಅಂದು ಚಂದ್ರನ ಬಿಂಬ ಸೂರ್ಯಬಿಂಬದ ಶೇಕಡಾ 97ರಷ್ಟು ಅಗಲವಿತ್ತು. ಪೂರ್ತಿ ಮುಚ್ಚಲು ಸಾಲಲಿಲ್ಲ. ಸಮೀಪದ ಬಿಂದುವಿನ ಬಳಿ ಅದೇ ಜೋಡಣೆ ನಡೆದಿದ್ದರೆ ಗ್ರಹಣ ಖಗ್ರಾಸವಾಗುತ್ತಿತ್ತು. ಹುಣ್ಣಿಮೆಯ ರಾತ್ರಿ ಕಣ್ಣಿಗೆ ಸಿಕ್ಕದ ವ್ಯತ್ಯಾಸ ಆ ಬೆಳಗ್ಗೆ ಆಕಾಶದಲ್ಲಿ ಬಳೆಯಾಗಿ ಕಂಡಿತು.

‘ಇದು ಭೌತಶಾಸ್ತ್ರ ವಿಭಾಗದ ಕೆಲಸ, ಕನ್ನಡ ವಿಭಾಗದ್ದಲ್ಲ’ ಎಂಬ ಮಾತು ಇಲ್ಲಿ ಏಳುವುದು ಸಹಜ. ಕನ್ನಡದ ಹಿರಿಯರು ಹಾಗೆ ಭಾವಿಸಲಿಲ್ಲ. 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. ಪಂಪಭಾರತದ ಸಂಪಾದನೆಯಲ್ಲಿ ದುಡಿದವರೂ ಅವರೇ. ಕಾದಂಬರಿಕಾರ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಮಂಜೇಶ್ವರದ ಗೋವಿಂದ ಪೈಗಳು ಕವಿಯಾಗಿದ್ದಂತೆಯೇ ಕಾಲನಿರ್ಣಯದ ಸಂಶೋಧಕರೂ ಆಗಿದ್ದರು. ಅವರ ಮೇಜಿನ ಮೇಲೆ ಕಾವ್ಯಕ್ಕೂ ಗಣಿತಕ್ಕೂ ನಡುವೆ ಗೋಡೆ ಇರಲಿಲ್ಲ. ಆ ಗೋಡೆ ಅನಂತರ ಕಟ್ಟಿದ್ದು.

‘ಲೆಕ್ಕ ತಿಳಿದರೆ ಚಂದ್ರನ ಸೊಬಗು ಹಾಳಾಗುತ್ತದೆ’ ಎಂಬುದು ಇನ್ನೊಂದು ಆಕ್ಷೇಪ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಚಂದ್ರೋದಯವೂ ಒಂದು. ಲಾಕ್ಷಣಿಕರು ಹೆಸರಿಸಿದ್ದು ಚಂದ್ರನ ಉದಯವನ್ನು, ನೆತ್ತಿಗೇರಿದ ಚಂದ್ರನನ್ನಲ್ಲ. ಮನುಷ್ಯನ ಮನಸ್ಸು ಚಂದ್ರನನ್ನು ಇದ್ದುದಕ್ಕಿಂತ ದೊಡ್ಡದಾಗಿಸುವ ಗಳಿಗೆ ಅದೇ. ಉಪಕರಣ ಅಳೆಯಲಾರದ, ಮನಸ್ಸು ಮಾತ್ರ ಕೊಡುವ ಆ ದೊಡ್ಡತನವೇ ಕವಿಯ ವಸ್ತು. ದಿಗಂತದ ಭ್ರಮೆಯನ್ನು ಅರಿತ ವಿದ್ಯಾರ್ಥಿಗೆ ಚಂದ್ರೋದಯ ವರ್ಣನೆಯಲ್ಲಿ ಅಲಂಕಾರದ ಜೊತೆಗೆ ಅನುಭವದ ಸತ್ಯವೂ ಕಾಣಿಸುತ್ತದೆ.

ಗಡಿನಾಡಿನಲ್ಲಿ ಈ ಮಾತಿಗೆ ಹೆಚ್ಚಿನ ತುರ್ತಿದೆ. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಮಕ್ಕಳು ಶಾಲೆಯಲ್ಲಿ ಕಕ್ಷೆ, ಗ್ರಹಣ, ಗುರುತ್ವಾಕರ್ಷಣೆ ಎಂಬ ಪದಗಳನ್ನು ಕನ್ನಡದಲ್ಲಿಯೇ ಓದಿರುತ್ತಾರೆ. ಕಾಲೇಜಿಗೆ ಬಂದೊಡನೆ ದಾರಿ ಎರಡಾಗುತ್ತದೆ: ವಿಜ್ಞಾನ ಓದುವವರು ಆ ಪದಗಳನ್ನು ಮರೆಯುತ್ತಾರೆ, ಕನ್ನಡ ಓದುವವರು ಆ ವಿಷಯಗಳನ್ನು ಮರೆಯುತ್ತಾರೆ. ಹಬ್ಬಕ್ಕೆ, ಕವಿತೆಗೆ, ರಾಜ್ಯೋತ್ಸವದ ಭಾಷಣಕ್ಕೆ ಕನ್ನಡ; ತಿಳಿವಳಿಕೆಗೆ ಬೇರೊಂದು ಭಾಷೆ ಎಂಬ ಏರ್ಪಾಡು ಗಟ್ಟಿಯಾದರೆ, ತಮ್ಮ ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂದು ತೀರ್ಮಾನಿಸುವ ತಂದೆತಾಯಿಯರ ಮುಂದೆ ಕನ್ನಡದ ಪರವಾಗಿ ಹೇಳಲು ಅಭಿಮಾನವೊಂದೇ ಉಳಿಯುತ್ತದೆ. ಅಭಿಮಾನದ ಬಲದಿಂದ ಮಾತ್ರ ಶಾಲೆಗಳು ತುಂಬುವುದಿಲ್ಲ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕನ್ನಡ ಐಚ್ಛಿಕ ತರಗತಿಯೊಂದು ಒಂದು ವರ್ಷ ಪ್ರತಿ ಹುಣ್ಣಿಮೆಯ ರಾತ್ರಿ ಚಂದ್ರನ ಚಿತ್ರವನ್ನು ಒಂದೇ ಕ್ಯಾಮೆರಾದಿಂದ, ಒಂದೇ ಅಳತೆಯಲ್ಲಿ, ಮೂಡುವಾಗ ಒಮ್ಮೆ ನೆತ್ತಿಗೇರಿದಾಗ ಒಮ್ಮೆ ತೆಗೆಯಬಹುದು. ಬಿಂಬದ ಅಗಲವನ್ನು ಅಳೆದು, ಕಂಡದ್ದನ್ನೂ ಅಳೆದದ್ದನ್ನೂ ಕನ್ನಡದಲ್ಲಿ ಒಂದು ಪುಟ ಬರೆಯಬಹುದು. ಮಳೆಗಾಲದ ಮೂರು ನಾಲ್ಕು ಹುಣ್ಣಿಮೆಗಳು ಮೋಡದಲ್ಲಿ ಹೋಗಬಹುದು, ಉಳಿದವು ಸಾಕು. ಅದಕ್ಕೆ ಅನುದಾನವೂ ಬೇಡ, ಸರ್ಕಾರದ ಆದೇಶವೂ ಬೇಡ. ವರ್ಷದ ಕೊನೆಗೆ ಆ ಪುಟಗಳನ್ನು ಹತ್ತಿರದ ಕನ್ನಡ ಶಾಲೆಗೆ ಕೊಟ್ಟರೆ, ಮುಂದಿನ ‘ಸೂಪರ್ ಮೂನ್’ ಸಂಜೆ ಅಂಗಳದಲ್ಲಿ ಯಾವುದೋ ಮಗು ಏಕೆ ಎಂದು ಕೇಳಿದಾಗ ಅದೇ ಮನೆಯ ಇನ್ನೊಂದು ಮಗು ಕನ್ನಡದಲ್ಲಿಯೇ ಉತ್ತರ ಹೇಳಬಲ್ಲದು.