ಒಂದು ಬೋಲ್ಟಿಗೆ ಇಷ್ಟಾ?

1/5
ಫೋಟೊದಲ್ಲಿ ನನ್ನ ಅಂಗೈ ಮೇಲಿರೋ ತುಕ್ಕು ತುಂಡು ನೋಡಿ. ನಮ್ಮ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಿಡಿದಿದ್ದ ಸ್ಟಡ್‌ನ ಮುರಿದ ಅರ್ಧ ಅದು. ಇದು ಮುರಿದಿದ್ದಕ್ಕೆ ಅಪ್ಪನಿಗೆ ಸಿಕ್ಕ ಎಸ್ಟಿಮೇಟ್ 42,000 ರೂಪಾಯಿ. "ಟರ್ಬೊ ಹೋಗಿದೆ, ಬದಲಾಯಿಸಲೇಬೇಕು" ಅಂದರು. ನನ್ನ ಕೊನೇ ವರ್ಷದ ಫೀಸಿಗೆ ಎತ್ತಿಟ್ಟಿದ್ದ ದುಡ್ಡನ್ನ ಅಪ್ಪ ಕೊಡೋಕೆ ಹೊರಟಿದ್ದರು.

ಟರ್ಬೊಗೆ ಏನೂ ಆಗಿರಲಿಲ್ಲ.

ನಾನು ಬಿಕಾಂ ಓದ್ತಿರೋನು, ಮೆಕ್ಯಾನಿಕ್ ಅಲ್ಲ. ಆದರೆ ಮೂರು ತಿಂಗಳು ಈ ಗಾಡಿ ಹಿಂದೆ ಓಡಾಡಿದ ಮೇಲೆ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಪೇಸ್ಟ್ ಮೆತ್ತಿ ಕಳಿಸೋದೂ ರಿಪೇರಿ ಅಲ್ಲ, ದೊಡ್ಡ ಪಾರ್ಟ್ ಮಾರೋದೂ ರಿಪೇರಿ ಅಲ್ಲ. ಇವೆರಡೇ ನಮಗೆ ಸಿಗ್ತಿರೋದಕ್ಕೆ ಅರ್ಧ ಕಾರಣ ಗ್ಯಾರೇಜು, ಇನ್ನರ್ಧ ನಾವೇ. ಪೂರ್ತಿ ಓದಿ, ಆಮೇಲೆ ಬೈರಿ.

2/5
ಮೊದಲು ಬಂದಿದ್ದು ಸದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಟಿಕ್. ಹತ್ತು ನಿಮಿಷ ಓಡಿದ ಮೇಲೆ ಮಾಯ. "ಬಿಸಿ ಆದ್ರೆ ಸರಿ ಹೋಗುತ್ತೆ ಬಿಡಿ" ಅಂದರು ಎಲ್ಲರೂ. ಸರಿ ಹೋಗಿರಲ್ಲ. ಲೋಹ ಕಾದು ಹಿಗ್ಗಿ ಸಂದು ತಾತ್ಕಾಲಿಕವಾಗಿ ಮುಚ್ಚಿರುತ್ತೆ, ಅಷ್ಟೇ.

ಸ್ಟಡ್ ಯಾಕೆ ಮುರಿಯುತ್ತೆ? ನಮ್ಮ ಗಾಡಿಯ ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಎರಕದ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ. ಆದರೆ ಹೆಚ್ಚು ಕಾಯೋದು ಮ್ಯಾನಿಫೋಲ್ಡು. ಎರಡೂ ಒಂದೇ ಅಳತೆಗೆ ಹಿಗ್ಗಿ ಕುಗ್ಗಲ್ಲ, ನಡುವೆ ಎಳೆದಾಟಕ್ಕೆ ಸಿಗೋದು ಸ್ಟಡ್. ಅದಕ್ಕೇ ಹೆಚ್ಚಾಗಿ ತುದಿಯಲ್ಲಿರೋವೇ ಮೊದಲು ಹೋಗೋದು. ಸಾಲದ್ದಕ್ಕೆ ಟರ್ಬೊ ಭಾರ ಹೊರಬೇಕಾದ ಬ್ರಾಕೆಟ್ಟೇ ನಮ್ಮದರಲ್ಲಿ ಇರಲಿಲ್ಲ. ಹಿಂದೆ ಯಾವುದೋ ಕೆಲಸಕ್ಕೆ ಬಿಚ್ಚಿದವರು ವಾಪಸ್ ಹಾಕಿರಲಿಲ್ಲ.

ಟರ್ಬೊ ತಿರುಗೋದು ಎಕ್ಸಾಸ್ಟ್ ಗ್ಯಾಸಿನಿಂದ. ಆ ಗ್ಯಾಸು ಟರ್ಬೊ ತಲುಪೋ ಮೊದಲೇ ಸೋರಿದರೆ ಬೂಸ್ಟ್ ತಡವಾಗುತ್ತೆ, ಎಳೆತ ಇರಲ್ಲ. ಅಜ್ಜಿಯ ಕಣ್ಣು ತೋರಿಸಿಕೊಂಡು ಮಣಿಪಾಲದಿಂದ ವಾಪಸ್ ಬರುವಾಗ ಆಗುಂಬೆಯ 14 ತಿರುವುಗಳನ್ನ ಫಸ್ಟ್ ಗೇರಲ್ಲೇ ಹತ್ತಿದ್ವಿ. ಮೇಲೆ ಬರೋಷ್ಟರಲ್ಲಿ ಅಜ್ಜಿಗೆ ತಲೆನೋವು, ವಾಕರಿಕೆ. "ಘಾಟಿ ಅಲ್ವಾ, ಆಗುತ್ತೆ" ಅಂದ್ಕೊಂಡ್ವಿ. ಮುಂದಿನ ವಾರ ಊರೊಳಗೇ ಹೋಗುವಾಗಲೂ ಆಯ್ತು. ಬಾನೆಟ್ ಒಳಗೆ ಸೋರಿದ ಹೊಗೆ, ಗಾಜಿನ ಬುಡದಲ್ಲಿ ಗಾಳಿ ಎಳೆಯೋ ಜಾಗದಿಂದ ಕ್ಯಾಬಿನ್ನಿಗೆ ಬರ್ತಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಡೀಸೆಲ್ ಹೊಗೆಯಲ್ಲಿ ಪೆಟ್ರೋಲಿಗಿಂತ ಕಡಿಮೆ ಇರುತ್ತೆ, ಸೊನ್ನೆ ಅಲ್ಲ. ಇದನ್ನ "ಬರೀ ಸದ್ದು" ಅನ್ನೋರು ಒಂದ್ಸಲ ಅಜ್ಜಿ ಪಕ್ಕ ಕೂತು ಬರಲಿ.

3/5
ಈಗ ನಮ್ಮ "ರಿಪೇರಿ"ಗಳ ಪಟ್ಟಿ.

ಮೊದಲನೇ ಸಲ: ಕೆಂಪು ಸಿಲಿಕಾನ್ ಮೆತ್ತಿದರು. 700 ರೂಪಾಯಿ. ಅಂಥ ಟ್ಯೂಬ್ ಮೇಲೇ ಬರೆದಿರುತ್ತೆ, ಅದು ತಡೆಯೋದು 300 ಡಿಗ್ರಿ ಆಸುಪಾಸು. ಘಾಟಿ ಹತ್ತುವಾಗ ಡೀಸೆಲ್ ಎಂಜಿನ್ನಿನ ಎಕ್ಸಾಸ್ಟ್ ಗ್ಯಾಸು 600-700 ಡಿಗ್ರಿ ಮುಟ್ಟಬಹುದು. ಎರಡು ವಾರಕ್ಕೆ ಸುಟ್ಟು ಉದುರಿತು. ಒಳಗಡೆ ಉದುರಿದ ಚೂರು ಟರ್ಬೈನ್ ಬ್ಲೇಡಿಗೆ ಬಡಿದರೆ ಚೆನ್ನಾಗಿರೋ ಟರ್ಬೊನೂ ಹಾಳು.

ಎರಡನೇ ಸಲ: ಉಳಿದ ನಟ್ಟುಗಳನ್ನ ಪಾನಾ ಹಾಕಿ ಜೋರಾಗಿ ಬಿಗಿದರು. 900. ಮುರಿದದ್ದರ ಭಾರವನ್ನೂ ಹೊತ್ತಿದ್ದ ಪಕ್ಕದ ಸ್ಟಡ್ಡೂ ಕಟ್ ಆಯ್ತು.

ಮೂರನೇ ಸಲ: ಮ್ಯಾನಿಫೋಲ್ಡ್ ನೋಡದೆ ಬರೀ ಪ್ಯಾಕಿಂಗ್ ಬದಲಾಯಿಸಿದರು. 1,200. ಮ್ಯಾನಿಫೋಲ್ಡೇ ಸೊಟ್ಟ ಆಗಿದ್ದರೆ ಹೊಸ ಪ್ಯಾಕಿಂಗ್ ಏನು ಮಾಡುತ್ತೆ?

ಒಟ್ಟು 2,800. ಸೋರೋದು ನಿಲ್ಲಲಿಲ್ಲ. ನಾಲ್ಕನೇ ಕಡೆ ಬಂದಿದ್ದೇ 42,000ದ ಎಸ್ಟಿಮೇಟು. ಟರ್ಬೊ ಶಾಫ್ಟ್ ಹಿಂದೆ ಮುಂದೆ ಆಡ್ತಿದೆಯಾ, ಬ್ಲೇಡು ಗೋಡೆಗೆ ಉಜ್ಜಿದೆಯಾ ಅಂತ ಒಬ್ಬರೂ ಬಿಚ್ಚಿ ನೋಡಿರಲಿಲ್ಲ.

4/5
ಸರಿಯಾದ ಕೆಲಸ ಮಾಡಿದ್ದು ಒಬ್ಬ ವಯಸ್ಸಾದ ಮೇಸ್ತ್ರಿ. ಎರಡು ದಿನ ಪಕ್ಕದಲ್ಲೇ ನಿಂತು ನೋಡಿದೆ.

ಮೊದಲು ತಣ್ಣಗಿರೋ ಎಂಜಿನ್. ಸೈಲೆನ್ಸರ್ ತುದಿಯಿಂದ ಬ್ಲೋವರ್‌ನಲ್ಲಿ ಗಾಳಿ ಬಿಟ್ಟು, ಜಾಯಿಂಟ್ ಮೇಲೆ ಸೋಪಿನ ನೀರು ಚಿಮುಕಿಸಿದರು. ಗುಳ್ಳೆ ಎದ್ದ ಕಡೆ ಸೀಮೆಸುಣ್ಣದ ಗುರುತು. ಆಮೇಲೆ ಟರ್ಬೊ ಶಾಫ್ಟ್ ನೋಡಿ "ಇದಕ್ಕೇನಾಗಿದೆ ಮಾರಾಯ, ಗಟ್ಟಿಮುಟ್ಟಾಗಿದೆ" ಅಂದರು.

ಹೊರಗೆ ಸ್ವಲ್ಪ ಚಾಚಿದ್ದ ಸ್ಟಡ್‌ಗೆ, ಬ್ಯಾಟರಿ ಕನೆಕ್ಷನ್ ತೆಗೆದು, ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿದರು. ಆ ಬಿಸಿಗೆ ತುಕ್ಕಿನ ಹಿಡಿತ ಸಡಿಲ ಆಗುತ್ತೆ. ಒಂದು ಚೂರು ಮುಂದೆ, ಒಂದು ಚೂರು ಹಿಂದೆ ಆಡಿಸ್ತಾ ತೆಗೆದರು. ಇನ್ನೊಂದು ಹೆಡ್ ಮಟ್ಟಕ್ಕೇ ಮುರಿದಿತ್ತು. ಸರಿಯಾಗಿ ನಡುವಿಗೆ ಪಂಚ್ ಹೊಡೆದು, ಎಡಗಡೆ ತಿರುಗೋ ಡ್ರಿಲ್ ಬಿಟ್ಟಿನಲ್ಲಿ ಕೊರೆದರು. ನಾನು ಈಜಿ-ಔಟ್ ಹಾಕಿ ಅಂದೆ. "ಅದು ಒಳಗೇ ಮುರಿದರೆ ಕೊರೆಯೋಕೂ ಆಗಲ್ಲ, ಅಷ್ಟು ಗಟ್ಟಿ. ಸುಮ್ನೆ ನಿಂತ್ಕೊ" ಅಂದರು. ಥ್ರೆಡ್ ಉಳೀತು. ಉಳೀದಿದ್ರೆ ಹೆಲಿಕಾಯಿಲ್ ಹಾಕಬೇಕಿತ್ತು.

ಮ್ಯಾನಿಫೋಲ್ಡನ್ನ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿದ್ವಿ. ಮುರಿದ ಎರಡಷ್ಟೇ ಅಲ್ಲ, ಎಲ್ಲಾ ಸ್ಟಡ್ಡೂ ನಟ್ಟೂ ಹೊಸವು, ಬಿಸಿ ತಡೆಯೋ ಗ್ರೇಡಿನವು. ಸ್ಟೀಲ್ ಪ್ಯಾಕಿಂಗ್. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದಷ್ಟೇ ಬಿಗಿ. ಕೊನೆಗೆ ಆ ಬ್ರಾಕೆಟ್ಟು.

5/5
ಬಿಲ್: ಸ್ಟಡ್ಡು-ನಟ್ಟು 1,100, ಪ್ಯಾಕಿಂಗ್ 900, ಫೇಸಿಂಗ್ 800, ಬ್ರಾಕೆಟ್ 300, ಕೂಲಿ 3,500. ಒಟ್ಟು 6,600.

ಇದನ್ನ ನೋಡಿ ನಮ್ಮ ಚಿಕ್ಕಪ್ಪ ಕೇಳಿದ್ದೇ ಈ ಪೋಸ್ಟಿನ ಹೆಸರು: "ಒಂದು ಬೋಲ್ಟಿಗೆ ಇಷ್ಟಾ?"

ಸಮಸ್ಯೆ ಇರೋದು ಈ ಪ್ರಶ್ನೆಯಲ್ಲೇ. 42,000ಕ್ಕೆ ಹೊಸ ಟರ್ಬೊ ಅಂದಾಗ ಇದೇ ಚಿಕ್ಕಪ್ಪ "ಪಾರ್ಟ್ ದುಬಾರಿ ಕಣೋ" ಅಂತ ತಲೆ ಆಡಿಸಿದ್ದರು. ಡಬ್ಬದಲ್ಲಿ ಬರೋ ಸಾಮಾನಿಗೆ ಚೌಕಾಸಿ ಇಲ್ಲ. ಎರಡು ದಿನ ಬಗ್ಗಿ ನಿಂತು ಕೂದಲೆಳೆ ತಪ್ಪದಂತೆ ಕೊರೆದವರ ಕೂಲಿಗೆ ಮಾತ್ರ ಚೌಕಾಸಿ. ಹೀಗಿದ್ದರೆ ಯಾವ ಮೆಕ್ಯಾನಿಕ್ ತಾಳ್ಮೆಯ ಕೆಲಸ ಮಾಡ್ತಾನೆ? ಬೇಗ ಮುಗಿಯೋ ಪೇಸ್ಟು, ಇಲ್ಲಾ ಲಾಭ ಇರೋ ಪಾರ್ಟು, ಇವೆರಡೇ ಅವನಿಗೆ ಉಳಿಯೋ ದಾರಿ.

"ದುಡ್ಡಿಲ್ಲದವರು ಪೇಸ್ಟ್ ಹಾಕ್ಸದೆ ಏನು ಮಾಡ್ಬೇಕು?" ಅಂತ ಕೇಳ್ತೀರಿ. ನಮ್ಮ ಹತ್ರನೂ ದುಡ್ಡಿರಲಿಲ್ಲ, ಅದಕ್ಕೇ ಹೇಳ್ತಿರೋದು. ಮೊದಲ ದಿನವೇ ಸರಿ ಮಾಡಿಸಿದ್ದರೆ 2,800 ಉಳೀತಿತ್ತು, ಎರಡನೇ ಸ್ಟಡ್ಡೂ ಉಳೀತಿತ್ತು. ಕ್ಲಾಸಲ್ಲಿ ರಿಪೇರಿನ ಖರ್ಚಿನ ಕಡೆ ಬರೀತೀವಿ, ಸರಿ. ಆದರೆ ಒಂದೇ ಖರ್ಚನ್ನ ಮೂರು ಸಲ ಬರೆಯೋದಕ್ಕೆ ಉಳಿತಾಯ ಅನ್ನಲ್ಲ.

ಹಾಗಾಗಿ ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಎಷ್ಟಾಗುತ್ತೆ" ಅನ್ನೋ ಮೊದಲು ಮೂರು ಪ್ರಶ್ನೆ ಕೇಳಿ. ಎಲ್ಲಿ ಸೋರ್ತಿದೆ, ತೋರಿಸ್ತೀರಾ? ಮ್ಯಾನಿಫೋಲ್ಡ್ ಮಟ್ಟ ನೋಡಿದ್ರಾ? ಟರ್ಬೊ ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಉತ್ತರ ಕೊಡೋರಿಗೆ ಕೇಳಿದಷ್ಟು ಕೂಲಿ ಕೊಡಿ.

ಕಳೆದ ಭಾನುವಾರ ಮತ್ತೆ ಆಗುಂಬೆ ಹತ್ತಿದ್ವಿ. ಅಜ್ಜಿ ದಾರಿಯುದ್ದಕ್ಕೂ ಮಾತಾಡ್ತಾನೇ ಇದ್ದರು.

ಸೇವ್ ಮಾಡಿಕೊಳ್ಳಿ. ಬೆಳಿಗ್ಗೆ ಟಿಕ್ ಟಿಕ್ ಅನ್ನೋ ಗಾಡಿ ಇರೋ ಫ್ರೆಂಡಿಗೆ ಕಳಿಸಿ.

#ಗ್ಯಾರೇಜ್_ಕಥೆ #ಟರ್ಬೊ #ಒಂದು_ಬೋಲ್ಟಿಗೆ_ಇಷ್ಟಾ